ಹೆಬ್ಬೆರಳಿನ ಓಟು

“ಬೇಡ ಅಂದವರು ಮುಂದಿನ ವರ್ಷ ಬರಕೂಡದು. ಅಷ್ಟೇ!”

ನಿರಂಜನ್ ತನ್ನ ಮನೆಯ ಊಟದ ಮೇಜು ಗುದ್ದಿದ ರಭಸಕ್ಕೆ ಟ್ರಾಯ್ ಊರಿನ ಅರ್ಧದಷ್ಟು ಕಾರುಗಳ ಅಲಾರಂ ಹೊಡೆದುಕೊಂಡಿರಬೇಕು. ತಟ್ಟೆಯಿಂದ ಬೋಂಡವೊಂದು ಉರುಳಿ ಲತಾಶ್ರೀಯ ಮುಂದೆ ನಿಂತಿತು. ಎಲ್ಲರೂ ಅವಳನ್ನೇ ನೋಡಿದರು.

ಬೇಡ ಎಂದವಳು ಅವಳೇ ಎಂಬುದು ಇಲ್ಲಿಂದ ಶಿಕಾಗೋವರೆಗಿನ ಕನ್ನಡಿಗರಿಗೆಲ್ಲ ಗೊತ್ತಿತ್ತು. ನಿರಂಜನ್ ಅಷ್ಟು ಸಲ ಹೇಳಿದ್ದ. ಹೇಳಿದಾಗಲೆಲ್ಲ ಅವರು ಅರ್ಧಕ್ಕೇ ಬಿಟ್ಟುಬಂದ ಕೊಲರಾಡೋದ ಆ ಬೆಟ್ಟ ಇನ್ನೂ ಸಾವಿರ ಅಡಿ ಬೆಳೆಯುತ್ತಿತ್ತು. ಈಗಂತೂ ವಿಮಾನಗಳು ಅದನ್ನು ಬಳಸಿಕೊಂಡು ಹೋಗಬೇಕು.

ನಡೆದದ್ದು ಏಪ್ರಿಲ್‌ನಲ್ಲಿ. ರಾತ್ರಿ ಹಿಮ ಗಟ್ಟಿಯಾಗಿರಲಿಲ್ಲ. ಬೆಳಗಾಗುತ್ತಲೇ ಸುಡುಬಿಸಿಲು. ಕಾಲಿಟ್ಟರೆ ಮಂಡಿಯವರೆಗೆ ಹೂತುಹೋಗುತ್ತಿತ್ತು. ಇಳಿಜಾರಿನಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದವು. ಇಡೀ ಇಳಿಜಾರು ಕಳಚಿಕೊಂಡರೆ ನಾಲ್ವರೂ ಅದರಡಿಗೆ.

ತಂಡ ಕಟ್ಟಿದವಳು ಶಿಕಾಗೋ ಪಕ್ಕದ ಸ್ಕೋಕಿಯ ಸುಚೇತಾ. ದಾಕ್ಷಿಣ್ಯಕ್ಕೆ ಪ್ರಾಣ ಬಿಟ್ಟರೂ ಎದುರಿಗೆ ‘ಬೇಡ’ ಎನ್ನದ ಜನ ನಮ್ಮವರೆಂದು ಬಲ್ಲವಳು. ಅದಕ್ಕೇ ಈ ಉಪಾಯ: ಉಳಿದ ಮೂವರೂ ಕಣ್ಣು ಮುಚ್ಚಿ ಹೆಬ್ಬೆರಳು ತೋರಿಸಬೇಕು. ಮೇಲೆ ಅಂದರೆ ಹತ್ತೋಣ, ಕೆಳಗೆ ಅಂದರೆ ಬೇಡ. ಒಬ್ಬರು ಬೇಡವೆಂದರೂ ಎಲ್ಲರೂ ವಾಪಸ್. ಅವಳಿಗೆ ಓಟಿಲ್ಲ; ನೋಡುವವಳು ಅವಳೊಬ್ಬಳೇ.

“ಬೇಡ ಅಂತ ಬಂದಿದೆ. ಇಳೀರಿ,” ಎಂದಳು ಸುಚೇತಾ ಅವತ್ತು.

“ಯಾರದು? ಹೇಳೋವರೆಗೂ ನಾನು ಕದಲಲ್ಲ!” ನಿರಂಜನ್ ಗರ್ಜಿಸಿದ.

“ನನ್ನ ಹೆಂಡ್ತಿದೇ ಇರ್ಬೇಕು,” ಎಂದ ಲತಾಶ್ರೀಯ ಗಂಡ ವಿಜಯ್ ಕುಮಾರ್. “ಎಸ್ಕಲೇಟರ್ ಹತ್ತೋವಾಗ್ಲೂ ನನ್ನ ಕೈ ಹಿಡ್ಕೋತಾಳೆ.”

ಮೇಲಿಂದ ಇನ್ನೊಂದು ಉಂಡೆ ಉರುಳಿತು. ಇದು ದೊಡ್ಡದು.

“ಹೌದು, ನಾನೇ. ಏನೀಗ?” ಲತಾಶ್ರೀ ಕೋಲನ್ನು ಹಿಮಕ್ಕೆ ಚುಚ್ಚಿದಳು. “ಬೈಯೋದಿದ್ರೆ ಕೆಳಗೆ ಹೋಗಿ ಬೈರಿ. ನಡೀರಿ ಮೊದ್ಲು!”

ಇಳಿಯುವಾಗ ನಿರಂಜನನನ್ನು ಹಿಡಿಯಲು ಚಿರತೆಗೂ ಆಗುತ್ತಿರಲಿಲ್ಲ. ಅವನ ಹಿಂದೆಯೇ ವಿಜಯ್ ಕುಮಾರ್. ಚಳಿಗಾಲವಿಡೀ ಅಕ್ಕಿಮೂಟೆ ಹೊತ್ತು ಆಫೀಸಿನ ಮೆಟ್ಟಿಲು ಹತ್ತಿಳಿದಿದ್ದ ಲತಾಶ್ರೀ ಎಲ್ಲರಿಗಿಂತ ಹಿಂದೆ, ತಿರುತಿರುಗಿ ತುದಿಯನ್ನೇ ನೋಡುತ್ತ ಇಳಿದಳು.

ಈಗ ಅವಳು ಬೋಂಡವನ್ನೆತ್ತಿ ಕಚ್ಚಿದಳು. “ಮುಂದಿನ ವರ್ಷವೂ ಬರ್ತೀನಿ. ಯಾರು ತಡೀತೀರೋ ನೋಡೇಬಿಡ್ತೀನಿ.”

“ಹೆಂಡ್ತಿ ಅಂತ ನಾನು ಬಿಟ್ಕೊಡಲ್ಲಪ್ಪ,” ಎಂದ ವಿಜಯ್ ಕುಮಾರ್. “ರೂಲ್ ಅಂದ್ರೆ ರೂಲ್.”

ಸುಚೇತಾ ತಲೆಯೆತ್ತಿದಳು. “ಬೇಡ ಅಂದವರಿಂದಲೇ ನಾವು ಬದುಕಿದ್ದು. ಅವರಿಗೆ ನಾನು ಋಣಿ. ಆದ್ರೂ ಈ ರೂಲ್ ಬೇಕೇ ಬೇಕಾ?”

“ಬೇಕು!” ಗಂಡಸರಿಬ್ಬರೂ ಒಂದೇ ಉಸಿರಿಗೆ ಕೂಗಿದರು.

“ಆಯ್ತು. ಹಾಗಾದ್ರೆ ಮುಂದಿನ ವರ್ಷ ನಾವಿಬ್ರೇ ಕಣೇ ಲತಾ,” ಎಂದಳು ಸುಚೇತಾ. “ಅವತ್ತು ಮೇಲಿದ್ದದ್ದು ನಿನ್ನ ಹೆಬ್ಬೆರಳೊಂದೇ.”