ಗುಂಡಿ ಡಬ್ಬಿ

ಕೋಟಿನ ಎದೆಗೆ ಮೂರನೇ ಪದಕ ಹೊಲಿಯುತ್ತಿದ್ದ ದರ್ಜಿಯ ಸೂಜಿ ನಿಂತುಬಿಟ್ಟಿತು. ಸಂಜೆ ಸನ್ಮಾನಕ್ಕೆ ಹೊರಟಿದ್ದ ಗಿರಾಕಿ, ತಾನೊಬ್ಬನೇ ಶತ್ರುಗಳ ಠಾಣೆ ಹಿಡಿದ ಕಥೆಯನ್ನು ದರ್ಜಿಯ ಸೊಸೆಗೆ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ.

"ಇದನ್ನ ನಾನು ಹೊಲಿಯಲ್ಲ ಸ್ವಾಮಿ. ಇದು ಸತ್ತವರಿಗೆ ಮಾತ್ರ ಕೊಡೋದು." ದರ್ಜಿ ಆಗಲೇ ಹೊಲಿದಿದ್ದ ಎರಡು ಪದಕಗಳನ್ನೂ ಬಿಚ್ಚತೊಡಗಿದ.

"ಬಟ್ಟೆ ಹೊಲಿಯೋನಿಗೆ ಯುದ್ಧದ ವಿಷಯ ಏನಯ್ಯಾ ಗೊತ್ತು?"

"ಕೋಟಿಗೆ ಒಂದು ಗುಂಡಿ ಕಮ್ಮಿ ಇದೆ, ಹುಡುಕಮ್ಮಾ" ಎಂದು ದರ್ಜಿ ಸೊಸೆಗೆ ಹೇಳಿದ. ಅವಳು ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಗುಂಡಿಗಳ ನಡುವೆ, ಅವಳು ಎಂದೂ ಕಂಡಿರದ, ಮಾವನ ಹೆಸರು ಕೊರೆದಿದ್ದ ಪದಕವೊಂದು ಉರುಳಿ ಬಂತು.

"ಅದಲ್ಲಮ್ಮಾ" ಎಂದ ದರ್ಜಿ, "ನಾಲ್ಕು ತೂತಿನ ಕಪ್ಪು ಗುಂಡಿ."