ಬಾಯಿ ಕಟ್ಟಿದ ಕಾವಲುನಾಯಿ

ಹೃದಯದ ಬಡಿತ ಎಣಿಸಿ ತೋರಿಸುವ ಆ ಮಾನಿಟರಿಗೆ ಪ್ರೋಗ್ರಾಂ ಬರೆದವನು ಭಾರ್ಗವ. ಅದು ಹ್ಯಾಂಗ್ ಆಗಿ ಇದ್ದಲ್ಲೇ ನಿಂತರೆ ಮರುಸೆಕೆಂಡಿಗೇ ಎಬ್ಬಿಸಿ ಓಡಿಸಲು ಒಳಗೊಂದು ಕಾವಲಿತ್ತು. ಅವನ ಕಸುಬಿನವರು ಅದನ್ನು ವಾಚ್‌ಡಾಗ್ ಎನ್ನುತ್ತಾರೆ. ತಪ್ಪು ಹುಡುಕಲು ಪ್ರೋಗ್ರಾಂ ನಿಲ್ಲಿಸಿದಾಗಲೆಲ್ಲ ಈ ನಾಯಿ ಅದನ್ನು ಎಬ್ಬಿಸಿಬಿಡುತ್ತಿತ್ತು. ತಲೆಕೆಟ್ಟು ಅವನು ಅದರ ಬಾಯಿ ಕಟ್ಟಿಹಾಕಿದ್ದ. ಬಿಚ್ಚಿಲ್ಲವೆಂದು ನೆನಪಾದದ್ದು ಮಾನಿಟರ್ ಆಸ್ಪತ್ರೆ ಸೇರಿದ ಮರುದಿನ, ಬೆಳಗಿನ ತಿಂಡಿಗೆ ಕೂತಾಗ.

ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಲ್ಯಾಪ್‌ಟಾಪ್ ಎತ್ತಿಕೊಂಡು ಐಸಿಯುಗೆ ಓಡಿದ. ಮಾನಿಟರನ್ನು ಒಬ್ಬ ತಾತನಿಗೆ ಹಾಕಿದ್ದರು.

"ಸಿಸ್ಟರ್, ಈ ತಾತನಿಗೆ ಬೇರೆ ಮಾನಿಟರ್ ಹಾಕ್ತೀರಾ? ಇದರಲ್ಲಿ ಒಂದು ಸಣ್ಣ ಕೆಲಸ ಬಾಕಿ ಇದೆ."

"ಅಯ್ಯೋ, ಬೇಡ ಸರ್! ಹಳೇದು ಗಳಿಗೆಗೊಂದ್ಸಲ ಬಡ್ಕೊಳ್ತಿತ್ತು. ಈ ಪುಣ್ಯಾತ್ಮ ನಾನು ಡ್ಯೂಟಿಗೆ ಬಂದಾಗಿಂದ ತುಟಿ ಪಿಟಕ್ ಅಂದಿಲ್ಲ."

"ತಾತ ಹೇಗಿದ್ದಾರೆ?"

"ನೀವೇ ನೋಡಿ, ಎಪ್ಪತ್ತೆರಡು. ಬೆಳಗ್ಗಿಂದ ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಹಾಯಾಗಿ ಮಲಗಿದಾರೆ, ಎಬ್ಬಿಸ್ಬೇಡಿ."

ಅವನು ನೋಡಿದ. ಎಪ್ಪತ್ತೆರಡೇ ಇತ್ತು. ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು ಆಗಿತ್ತು. ಮಾನಿಟರಿನ ಮೂಲೆಯ ಗಡಿಯಾರದಲ್ಲಿ ಇನ್ನೂ ಏಳು ಗಂಟೆ ಹತ್ತು ನಿಮಿಷ.