ಕಿಟಕಿ ಪಕ್ಕದ ಎಲೆ

ಫಿಲೊಡೆಂಡ್ರಾನ್ ಬಳ್ಳಿಯ ಒಂದೊಂದು ಎಲೆಯೂ ಒಂದೊಂದು ಮಾತನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದನ್ನು ಮರೆತು, ಮುಂದೆ ಕೇಳಿದ ಮೊದಲ ಮಾತನ್ನು ಕಲಿಯುತ್ತಿತ್ತು.

ತವರಿನ ರೂಢಿಯಂತೆ ಶುಕ್ರವಾರ ಬೆಳಿಗ್ಗೆ ಎಲೆ ಒರೆಸಲು ಹೊರಟು ಮೊದಲನೆಯದನ್ನು ಮುಗಿಸಿದ ಮೇಲೆ ಹೊಸ ಸೊಸೆ ಕುಮುದಳಿಗೆ ನೆನಪಾಯಿತು. ಕಿಟಕಿ ಪಕ್ಕದ ಆ ಅಂಗೈಯಗಲದ ಎಲೆಯಲ್ಲಿ ತೀರಿಹೋದ ಮಾವನ ದನಿಯಿತ್ತು. “ಸುಗುಣಾ, ಕಾಫಿ ಆಯ್ತೇನೇ?” ಎಂದು ಅದು ದಿನಾ ಏಳು ಗಂಟೆಗೆ ಕೂಗುತ್ತಿತ್ತು. ತಪ್ಪಾಯಿತು ಎನ್ನೋಣವೆಂದರೆ ಎಲೆ ಅದನ್ನೇ ಹಿಡಿದುಕೊಂಡೀತೆಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಏಳು ಹೊಡೆಯಿತು. ಎಲೆ ಸುಮ್ಮನಿತ್ತು. ಅಡುಗೆಮನೆಯಿಂದ ಅತ್ತೆ ಸುಗುಣಮ್ಮ ಎಂದಿನಂತೆ, “ಬಂದೆ ಇರೀಂದ್ರೆ!” ಎಂದರು.

ಮರುದಿನ ಏಳಕ್ಕೆ ಎಲೆ ಸುಗುಣಮ್ಮನ ದನಿಯಲ್ಲೇ, “ಬಂದೆ ಇರೀಂದ್ರೆ!” ಎಂದಿತು. ಕುಮುದ ಅಳತೊಡಗಿದಳು. ಸುಗುಣಮ್ಮ ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟರು.

“ಅಳಬೇಡ ಕಣೇ. ಕೂಗಿ ಕೂಗಿ ಅವರಿಗೂ ಸಾಕಾಗಿತ್ತು.”